ದೇವಿಮನೆ ಘಟ್ಟದ ಮಂಜಿಗೆ ಪ್ಯಾಡ್ ಹಾಕುವುದು ಹೇಗೆ?

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಟ್ಟದ ಮಂಜನ್ನು ಮೊಬೈಲಿನಲ್ಲಿ ಹಿಡಿಯದವರು ಕಡಿಮೆ. ವಿಡಿಯೊ ಚೆನ್ನಾಗಿಯೇ ಬಂದಿರುತ್ತದೆ. ಆದರೆ ಅದಕ್ಕೆ ಅಂಟಿಸಿದ ಹಾಡು ಮಂಜನ್ನೇ ಓಡಿಸಿಬಿಡುತ್ತದೆ.

ಅಲ್ಲಿಗೆ ಬೇಕಾದದ್ದು ಪ್ಯಾಡ್. ನಿಧಾನಕ್ಕೆ ಎದ್ದು, ಹರಡಿ, ನಿಧಾನಕ್ಕೇ ಕರಗುವ ದನಿ. ಯಕ್ಷಗಾನದಲ್ಲಿ ಭಾಗವತರ ಹಿಂದೆ ಶ್ರುತಿ ಪೆಟ್ಟಿಗೆ ಮಾಡುವ ಕೆಲಸವನ್ನೇ ಚಿತ್ರದ ಹಿಂದೆ ಪ್ಯಾಡ್ ಮಾಡುತ್ತದೆ. ಇರುವಾಗ ಯಾರೂ ಗಮನಿಸುವುದಿಲ್ಲ. ನಿಂತರೆ ಎಲ್ಲ ಬೋಳು.

ಮೊದಲು ರೆಕಾರ್ಡಿಂಗ್ ಸಾಫ್ಟ್‌ವೇರ್ ಒಂದು ಬೇಕು. ರೀಪರ್ ಅನ್ನು 60 ದಿನ ಪುಕ್ಕಟೆ ಬಳಸಿ ನೋಡಬಹುದು. ಎಲ್‌ಎಂಎಂಎಸ್ ಪೂರ್ತಿ ಉಚಿತ. ಕೀಬೋರ್ಡ್ ಇಲ್ಲದಿದ್ದರೂ ಪರವಾಗಿಲ್ಲ, ಸ್ವರಗಳನ್ನು ಮೌಸ್‌ನಿಂದಲೇ ಬರೆಯಬಹುದು.

ಆಮೇಲೆ ಸಿಂಥ್, ಅಂದರೆ ದನಿಯನ್ನು ಕಟ್ಟಿ ನುಡಿಸುವ ಸಾಫ್ಟ್‌ವೇರ್ ವಾದ್ಯ. ನಾನು ಶುರುವಿನಲ್ಲಿ ಸಿಕ್ಕ ಸಿಕ್ಕದ್ದನ್ನೆಲ್ಲ ಇಳಿಸಿಕೊಂಡು ಲ್ಯಾಪ್‌ಟಾಪ್ ತುಂಬಿಸಿದೆ. ಒಂದೂ ಸರಿಯಾಗಿ ಕಲಿಯಲಿಲ್ಲ. ವೈಟಲ್ ಅಥವಾ ಸರ್ಜ್ ಎಕ್ಸ್‌ಟಿ, ಎರಡರಲ್ಲಿ ಒಂದು ಸಾಕು. ವೈಟಲ್ 2020ರಲ್ಲಿ ಬಂದದ್ದು, ಮೂಲ ಆವೃತ್ತಿಗೆ ಕಾಸಿಲ್ಲ. ಸರ್ಜ್ ಮೊದಲು ಮಾರಾಟಕ್ಕಿತ್ತು, 2018ರಲ್ಲಿ ಅದರ ಕೋಡ್ ಎಲ್ಲರಿಗೂ ಮುಕ್ತವಾಯಿತು. ಆಮ್ನಿಸ್ಫಿಯರ್, ಝೀಬ್ರಾ ದೊಡ್ಡ ಹೆಸರುಗಳು ನಿಜ. ಆದರೆ ದುಡ್ಡು ಕೊಡುವ ಮೊದಲು ಉಚಿತದ್ದರಲ್ಲಿ ಕೈ ಪಳಗಲಿ.

ಪ್ಯಾಡ್ ಎಂಬ ವಿಭಾಗದಲ್ಲಿ ಸಿದ್ಧ ದನಿಗಳಿರುತ್ತವೆ, ಕೇಳಿ ನೋಡಿ. ಆದರೂ ಒಮ್ಮೆ ಖಾಲಿ ಪ್ಯಾಚ್‌ನಿಂದ (ಏನೂ ಹೊಂದಿಸದ ದನಿಯಿಂದ) ಸ್ವಂತದ್ದು ಮಾಡಿ. ಎರಡು ಆಸಿಲೇಟರ್ (ಸಿಂಥ್‌ನಲ್ಲಿ ದನಿ ಹುಟ್ಟಿಸುವ ಭಾಗ) ತೆರೆದು ಎರಡಕ್ಕೂ ಸಾ ತರಂಗ (ಗರಗಸದ ಹಲ್ಲಿನಂಥದ್ದು) ಇಡಿ. ಒಂದನ್ನು 7–8 ಸೆಂಟ್ ಏರಿಸಿ. ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು. ಶ್ರುತಿ ಇಷ್ಟೇ ಇಷ್ಟು ತಪ್ಪಿದಾಗ ಎರಡು ದನಿ ಒಂದಕ್ಕೊಂದು ಉಜ್ಜಿ ಅಲೆಯಾಡುತ್ತವೆ. 1970ರ ದಶಕದ ಯಮಹಾ ಸಿಎಸ್-80 ಎಂಬ ಸಿಂಥ್‌ನಲ್ಲೂ ಒಂದೊಂದು ಸ್ವರಕ್ಕೆ ಎರಡು ಪದರ ಇತ್ತು. ಗ್ರೀಕ್ ಸಂಗೀತಗಾರ ವಾಂಗೆಲಿಸ್ ಸಿನಿಮಾಗಳಿಗೆ ನುಡಿಸಿದ್ದು ಅದನ್ನೇ.

ಈಗ ಅಟ್ಯಾಕ್ (ದನಿ ಏಳುವ ಹೊತ್ತು) ಅನ್ನು 2 ಸೆಕೆಂಡಿಗೆ, ರಿಲೀಸ್ (ಸ್ವರ ಬಿಟ್ಟ ಮೇಲೆ ಕರಗುವ ಹೊತ್ತು) ಅನ್ನು 4 ಸೆಕೆಂಡಿಗೆ ಎಳೆಯಿರಿ. ಗುಟ್ಟಿನ ಮುಕ್ಕಾಲು ಪಾಲು ಇಲ್ಲೇ ಇದೆ. ದನಿಯ ಮೇಲಿನ ಭಾಗವನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಇಳಿಸಿ ಚುಚ್ಚುವ ಅಂಚನ್ನು ತೆಗೆಯಿರಿ. ಎಲ್‌ಎಫ್‌ಒ (ಬೇರೆ ಗುಂಡಿಯನ್ನು ನಿಧಾನಕ್ಕೆ ತಾನೇ ಆಡಿಸುವ ಅಲೆ) ಒಂದನ್ನು 0.1 ಹರ್ಟ್ಸ್‌ಗೆ ಇಟ್ಟು ಆ ಫಿಲ್ಟರ್‌ಗೆ ಕಟ್ಟಿ. 10 ಸೆಕೆಂಡಿಗೊಮ್ಮೆ ದನಿ ತಾನಾಗಿ ತೆರೆದು ಮುಚ್ಚುತ್ತದೆ. ಜಾಸ್ತಿ ಬೇಡ, ಗೊತ್ತಾಗಬಾರದು.

ಯಾವ ಸ್ವರ? ಸ, ಪ, ಮೇಲಿನ ಶುದ್ಧ ರಿಷಭ (ಹಿಂದೂಸ್ತಾನಿಯದ್ದು, ಕರ್ನಾಟಕ ಪದ್ಧತಿಯಲ್ಲಿ ಚತುಶ್ರುತಿ ರಿಷಭ). ಗಾಂಧಾರ ಬಿಟ್ಟುಬಿಡಿ. ಅದು ಬಂದ ಕೂಡಲೇ ದನಿ ನಗುತ್ತದೆ ಇಲ್ಲವೇ ಅಳುತ್ತದೆ. ಮಂಜಿಗೆ ಎರಡೂ ಬೇಡ ಅಲ್ವಾ?

ಕೊನೆಗೆ ರಿವರ್ಬ್, ಅಂದರೆ ದೊಡ್ಡ ಜಾಗದಲ್ಲಿ ದನಿ ಮೊಳಗಿದಂಥ ಅನುರಣನ. ವಲ್ಹಾಲಾ ಸೂಪರ್‌ಮ್ಯಾಸಿವ್ ಉಚಿತವಾಗಿ ಸಿಗುತ್ತದೆ. ಅದರ ನಂತರ ಇಕ್ಯೂ (ದನಿಯ ಮೇಲು-ಕೆಳಗಿನ ಭಾಗಗಳನ್ನು ಹೆಚ್ಚು-ಕಡಿಮೆ ಮಾಡುವ ಉಪಕರಣ) ಹಾಕಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ. ಇಲ್ಲದಿದ್ದರೆ ತಳದಲ್ಲಿ ಕೆಸರು ಕಟ್ಟಿ, ಮಾತಿದ್ದರೆ ಅದೂ ಮುಳುಗುತ್ತದೆ. ಲ್ಯಾಪ್‌ಟಾಪ್ ಕೊರಕೊರ ಅಂದರೆ ಸಾಫ್ಟ್‌ವೇರ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಬಫರ್ (ದನಿಯನ್ನು ಮೊದಲೇ ಕೂಡಿಡುವ ಜಾಗ) ಅನ್ನು 512 ಸ್ಯಾಂಪಲ್‌ಗೆ ಏರಿಸಿ.

ಇನ್ನೊಂದು ದಾರಿ ನನಗೆ ಇದಕ್ಕಿಂತ ಇಷ್ಟ. ಪಾಲ್‌ಎಕ್ಸ್‌ಸ್ಟ್ರೆಚ್ ಎಂಬ ಉಚಿತ ಉಪಕರಣಕ್ಕೆ ಚಿಕ್ಕದೊಂದು ರೆಕಾರ್ಡಿಂಗ್ ಕೊಟ್ಟರೆ ಅದನ್ನು ಹತ್ತಾರು ಪಟ್ಟು ಎಳೆದು ಕೊಡುತ್ತದೆ. ತಗಡಿನ ಮೇಲಿನ ಮಳೆಯನ್ನು ಕೊಟ್ಟು ನೋಡಿದೆ. ಬರೀ ಸುಂಯ್ ಅಂದಿತು, ಮಳೆಗೆ ಸ್ವರ ಎಲ್ಲಿಂದ ಬರಬೇಕು. ದೇವರ ಕೋಣೆಯ ಹಿತ್ತಾಳೆ ಗಂಟೆಯ ಒಂದೇ ಏಟನ್ನು ಕೊಟ್ಟೆ. 4 ಸೆಕೆಂಡಿನ ಗಂಟೆ 2 ನಿಮಿಷ ಹರಡಿಕೊಂಡಿತು. ಘಟ್ಟದ ವಿಡಿಯೊಗೆ ಅದನ್ನೇ ಹಾಕಿದ್ದೇನೆ.