ಥೆರಪಿಗೆ ಹೋಗದ ಮಗುವಿನ ಮೇಲೂ ಕಣ್ಣಿರಲಿ

ಹಾಸನ, ಸಕಲೇಶಪುರದ ಕಡೆಯಿಂದ ಆಟಿಸಂ, ಸೆರೆಬ್ರಲ್ ಪಾಲ್ಸಿಯಂಥ ಮಿದುಳಿನ ಬೆಳವಣಿಗೆಯ ತೊಂದರೆ ಇರುವ ಮಗುವನ್ನು ಥೆರಪಿಗೆಂದು ಮೈಸೂರಿನ ವಾಕ್-ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದೊಯ್ದರೆ ಇಡೀ ದಿನ ಅಲ್ಲೇ ಕಳೆಯುತ್ತದೆ. ಅಜ್ಜಿ ಜೊತೆ ಉಳಿದ ಇನ್ನೊಂದು ಮಗು ಹಟ ಮಾಡುವುದಿಲ್ಲ. 'ನಮ್ಮ ಪುಟ್ಟಿ ಭಾರಿ ಜಾಣೆ' ಎಂದು ಎಲ್ಲರೂ ಹೊಗಳುತ್ತಾರೆ. ಗಮನಿಸಬೇಕಾದ್ದು ಈ ಜಾಣತನವನ್ನೇ. ಅಪ್ಪ ಅಮ್ಮನಿಗೆ ಇನ್ನೂ ಕಷ್ಟ ಬೇಡವೆಂದು ಅವಳು ಬೇಕು-ಬೇಡಗಳನ್ನು ನುಂಗಿಕೊಂಡಿರಬಹುದು.

ಮೊದಲು ಅಣ್ಣನ ತೊಂದರೆಯ ವಿಷಯ ಅವಳಿಗೆ ಹೇಳಿ. ನಾಲ್ಕೈದು ವರ್ಷದವರಿಗೆ ಇಷ್ಟು ಸಾಕು: ಇದು ಅಂಟುವುದಿಲ್ಲ, ನಿನ್ನಿಂದ ಆದದ್ದಲ್ಲ. ಎಂಟು ದಾಟಿದವರಿಗೆ ಆಟಿಸಂ, ಸೆರೆಬ್ರಲ್ ಪಾಲ್ಸಿ ಎಂದು ಹೆಸರು ಹಿಡಿದೇ ಹೇಳಿ. ಇಲ್ಲದಿದ್ದರೆ ಮದುವೆಮನೆಯಲ್ಲಿ ಯಾರೋ 'ಕರ್ಮ' ಅಂದದ್ದೇ ಮನಸ್ಸಿನಲ್ಲಿ ಕೂರುತ್ತದೆ. ಸ್ಕೂಲ್ ವ್ಯಾನಿನಲ್ಲಿ ಕೇಳುವವರಿಗೆ ಒಂದು ಸಾಲಿನ ಉತ್ತರ ರೂಢಿ ಮಾಡಿಸಿ: 'ನಮ್ಮಣ್ಣಂಗೆ ಮಾತು ಬರಲ್ಲ, ನೀವ್ ಹೇಳಿದ್ದು ಅರ್ಥ ಆಗುತ್ತೆ.'

ದಿನಕ್ಕೆ 15 ನಿಮಿಷ ಅವಳೊಬ್ಬಳಿಗೇ ಕೊಡಿ. ಹೊತ್ತು ಗೊತ್ತುಮಾಡಿ, ಫೋನ್ ಬೇರೆ ಕೋಣೆಯಲ್ಲಿಡಿ, ಆಟ ಅವಳೇ ಆರಿಸಲಿ. ಇದು ಕೆಡುವುದು ಎರಡು ಕಾರಣಕ್ಕೆ: ಹೋಂವರ್ಕ್ ಅಥವಾ ಅಣ್ಣನ ಸುದ್ದಿ ನಡುವೆ ನುಸುಳುತ್ತದೆ, ಇಲ್ಲವೇ 'ಭಾನುವಾರ ಒಟ್ಟಿಗೆ ಎರಡು ಗಂಟೆ' ಎಂದು ಮುಂದೂಡುತ್ತೀರಿ, ಭಾನುವಾರ ನೆಂಟರು ಬರುತ್ತಾರೆ. ಆಗದ ದಿನ ಐದು ನಿಮಿಷವಾದರೂ ಸರಿ, ಬಿಡಬೇಡಿ.

'ಅಣ್ಣ ಅಂದ್ರೆ ಸಿಟ್ಟು ಬರುತ್ತೆ' ಅಂದರೆ 'ಪಾಪ, ಹಾಗನ್ನಬಾರ್ದು' ಎಂದು ಬಾಯಿ ಮುಚ್ಚಿಸಬೇಡಿ. ಸಿಟ್ಟಿನ ಜೊತೆ ತಪ್ಪಿತಸ್ಥ ಭಾವವೂ ಸೇರಿಕೊಳ್ಳುತ್ತದೆ. 'ಪುಸ್ತಕ ಹರಿದ್ರೆ ಯಾರಿಗಾದ್ರೂ ಸಿಟ್ಟು ಬರುತ್ತೆ. ಹೊಡೆಯೋದು ಮಾತ್ರ ಬೇಡ' ಎನ್ನಿ. ಹಾಗೆಯೇ ಅವಳ ಸಾಮಾನಿಗೆ ಬೀಗವಿರುವ ಒಂದು ಟ್ರಂಕ್ ಕೊಡಿ. ಉಪದೇಶಕ್ಕಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ. ನೀರು ತಂದುಕೊಡುವುದು, ಜೊತೆಗೆ ಆಡುವುದು ಅವಳು ಮಾಡಬಹುದು. ಮಾತ್ರೆ ಕೊಡುವುದು, ಶೌಚಕ್ಕೆ ಕರೆದೊಯ್ಯುವುದು, ಫಿಟ್ಸ್ ಬಂದಾಗ ಒಬ್ಬಳೇ ನೋಡಿಕೊಳ್ಳುವುದು ಬೇಡ.

ಹೊಟ್ಟೆನೋವು, ನಿದ್ದೆಗೇಡು, ಸ್ಕೂಲ್ ಬೇಡ ಅನ್ನುವುದು ಎರಡು ವಾರ ದಾಟಿದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮನೋವೈದ್ಯರನ್ನೂ ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

'ನಾವು ಹೋದಮೇಲೆ ನೀನೇ ಅವನಿಗೆ ದಿಕ್ಕು' ಎಂಬ ಮಾತು ಹತ್ತು ವರ್ಷದ ಮಗುವಿನ ಮುಂದೆ ಬೇಡ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಕಲತೆ ಇರುವವರಿಗೆ 18 ತುಂಬಿದ ಮೇಲೆ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ ಕಾನೂನುಬದ್ಧ ಪೋಷಕರನ್ನು ನೇಮಿಸುತ್ತದೆ. ಡಿಸಿ ಕಚೇರಿಯಲ್ಲಿ ವಿಚಾರಿಸಿ. ತಂಗಿಯ ಹೆಸರು ಬರೆಯುವುದಾದರೆ ಅವಳೂ ವಯಸ್ಕಳಾದ ಮೇಲೆ, ಅವಳನ್ನು ಕೇಳಿ ಬರೆಯಿರಿ.