ನೀರಲ್ಲಿ ಓಡುವ ಕಾರು: ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?

ಹಾಸನದಲ್ಲಿರುವ ನಮ್ಮ ಭಾವ ಒಂದು ರಾತ್ರಿ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿದರು. ಬಾನೆಟ್ ಎತ್ತಿದ ಕಾರು. ಬ್ಯಾಟರಿ ಪಕ್ಕದಲ್ಲಿ ಉಪ್ಪಿನಕಾಯಿ ಡಬ್ಬಿಯಂಥ ಒಂದು ಪ್ಲಾಸ್ಟಿಕ್ ಡಬ್ಬಿ, ಅದರ ತುಂಬ ನೀರು, ನೀರೊಳಗೆ ಬುಳುಬುಳು ಗುಳ್ಳೆ, ಡಬ್ಬಿಯ ಮುಚ್ಚಳದಿಂದ ಇಂಜಿನ್ನಿಗೆ ಹೋಗುವ ಸಣ್ಣ ಪೈಪು. ಹಿಂದೆ ಭರ್ಜರಿ ಮ್ಯೂಸಿಕ್. ಬೆಳಿಗ್ಗೆ ಫೋನೂ ಬಂತು: "ನೀರಿನ ಕಿಟ್ ಕಣೋ, ಮೈಲೇಜ್ ಒಂದೂವರೆ ಪಟ್ಟು ಆಗುತ್ತಂತೆ. ಹದಿನಾಲ್ಕು ಸಾವಿರ ಅಂತೆ, ಫಿಟ್ಟಿಂಗ್ ಸೇರಿ. ಹಾಕಿಸಿಬಿಡ್ಲಾ?"

ಎರಡು ದಿನ ಟೈಮ್ ಕೊಡಿ ಭಾವ ಅಂದೆ. ಆ ಎರಡು ದಿನದಲ್ಲಿ ಏನು ಮಾಡಿದೆನೋ ಅದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಫೋನಿಗೂ ಇಂಥ ವಿಡಿಯೊ ಬಂದೇ ಬಂದಿರುತ್ತೆ. ಬೇಕಾದ ಸಾಮಾನು: ಒಂದು 9 ವೋಲ್ಟ್ ಬ್ಯಾಟರಿ, ಎರಡು ಪೆನ್ಸಿಲ್, ಎರಡು ತುಂಡು ವೈರು, ಒಂದು ಚಮಚ ಅಡುಗೆ ಸೋಡಾ, ಮೊಬೈಲಿನ ಕ್ಯಾಲ್ಕುಲೇಟರ್.

ಹಂತ 1: ಅವರು ನಿಜಕ್ಕೂ ಏನು ಹೇಳ್ತಿದ್ದಾರೆ?

"ನೀರಿನ ಕಾರು" ಅನ್ನುವ ಹೆಸರಿನಲ್ಲಿ ಮೂರು ಬೇರೆ ಬೇರೆ ವಿಷಯ ಓಡಾಡುತ್ತವೆ. ಒಂದು, ಬರೀ ನೀರು ಹಾಕಿದರೆ ಸಾಕು, ಕಾರು ಓಡುತ್ತೆ ಅನ್ನುವುದು. ಎರಡು, ಪೆಟ್ರೋಲ್ ಇರಲಿ, ಜೊತೆಗೆ ನೀರಿನ ಕಿಟ್ ಹಾಕಿ, ಮೈಲೇಜ್ ಜಾಸ್ತಿ ಆಗುತ್ತೆ ಅನ್ನುವುದು. ಭಾವನಿಗೆ ಬಂದದ್ದು ಇದು. ಮೂರನೆಯದು ಹೈಡ್ರೋಜನ್ ಕಾರು. ಅದು ನಿಜ. 2022ರ ಮಾರ್ಚ್‌ನಲ್ಲಿ ನಿತಿನ್ ಗಡ್ಕರಿಯವರು ಟೊಯೋಟಾ ಮಿರಾಯ್ ಕಾರಿನಲ್ಲಿ ಸಂಸತ್ತಿಗೆ ಹೋಗಿದ್ದು ನೆನಪಿದೆಯಲ್ವಾ, ಅದೇ. ಆದರೆ ಅದರ ಟ್ಯಾಂಕಿಗೆ ಹಾಕುವುದು ಹೈಡ್ರೋಜನ್ ಅನಿಲ, ನೀರಲ್ಲ. ಆ ಹೈಡ್ರೋಜನ್ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಕರೆಂಟು ಕೊಟ್ಟ ಮೇಲೆ, ಹಿಂದಿನ ಪೈಪಿನಿಂದ ನೀರು ತೊಟ್ಟಿಕ್ಕುತ್ತೆ. ಹೊರಗೆ ಬರುವುದನ್ನು ನೋಡಿ ಒಳಗೆ ಹಾಕುವುದೂ ಅದೇ ಅಂದುಕೊಂಡವರು ಎಷ್ಟು ಜನವೋ.

ಹೊರಗೆ ಬಂದ ಆ ನೀರು ಉರಿದು ಮುಗಿದ ಹೈಡ್ರೋಜನ್. ಹಂಡೆ ಒಲೆಯಲ್ಲಿ ಉಳಿದ ಬೂದಿಯ ಹಾಗೆ. ಬೂದಿಗೆ ಮತ್ತೆ ಬೆಂಕಿ ಹಚ್ಚಿ ನೀರು ಕಾಯಿಸ್ತೀನಿ ಅಂತ ಯಾರಾದರೂ ಬಂದರೆ ನಮ್ಮಜ್ಜಿ ಏನು ಹೇಳ್ತಿದ್ದರೋ, ಇಲ್ಲೂ ಅದನ್ನೇ ಹೇಳಬೇಕು.

ಹಂತ 2: ಎರಡು ಪೆನ್ಸಿಲ್, ಒಂದು ಲೋಟ ನೀರು

ಎರಡೂ ಪೆನ್ಸಿಲ್‌ಗಳನ್ನು ಎರಡೂ ತುದಿಯಲ್ಲಿ ಚೂಪು ಮಾಡಿ. ಒಂದು ತುಂಡು ರಟ್ಟಿಗೆ ಎರಡು ತೂತು ಮಾಡಿ, ಪೆನ್ಸಿಲ್‌ಗಳನ್ನು ತೂರಿಸಿ, ಲೋಟದ ಮೇಲಿಡಿ. ಕೆಳಗಿನ ಮೊನೆಗಳು ನೀರಲ್ಲಿ ಮುಳುಗಿರಬೇಕು, ಒಂದಕ್ಕೊಂದು ತಾಗಬಾರದು. ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ. ಉಪ್ಪು ಹಾಕಬೇಡಿ, ಕ್ಲೋರಿನ್ ಬರುತ್ತೆ. ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ಬೆಂಕಿಕಡ್ಡಿ ಗೀರಬೇಡಿ. ಈಗ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಪೆನ್ಸಿಲ್ಲಿನ ಮೇಲಿನ ಮೊನೆಗೆ, ಮೈನಸ್ಸಿನಿಂದ ಇನ್ನೊಂದರ ಮೊನೆಗೆ ವೈರು ತಾಗಿಸಿ.

ಮೈನಸ್ ಕಡೆಯ ಪೆನ್ಸಿಲ್ ತುದಿಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮುತ್ತಿಕೊಂಡು ಒಂದೊಂದಾಗಿ ಮೇಲೇಳುತ್ತವೆ. ಅದು ಹೈಡ್ರೋಜನ್. ಇನ್ನೊಂದು ಕಡೆ ಗುಳ್ಳೆ ಕಮ್ಮಿ, ಅದು ಆಮ್ಲಜನಕ. ನಮ್ಮ ಮಗಳು ಕೂತು ನೋಡ್ತಿದ್ದಳು. ವಿಡಿಯೊದಲ್ಲಿದ್ದ ಗುಳ್ಳೆಯೂ ಇದೇ, ಅದರಲ್ಲಿ ಮೋಸ ಇಲ್ಲ. ಈಗ ಒಂದು ವೈರು ತೆಗೆಯಿರಿ.

ಗುಳ್ಳೆ ನಿಂತುಹೋಯಿತು. ಅಂದರೆ ಇಲ್ಲಿ ಕೆಲಸ ಮಾಡ್ತಿರುವುದು ಬ್ಯಾಟರಿ. ನೀರು ಸುಮ್ನೆ ಒಡೆಸಿಕೊಳ್ತಾ ಇದೆ ಅಷ್ಟೇ. ಕಾರಿನಲ್ಲಿ ಆ ಬ್ಯಾಟರಿಗೆ ಚಾರ್ಜ್ ಮಾಡುವುದು ಆಲ್ಟರ್ನೇಟರ್, ಆಲ್ಟರ್ನೇಟರ್ ತಿರುಗಿಸುವುದು ಇಂಜಿನ್, ಇಂಜಿನ್ ಕುಡಿಯುವುದು ಪೆಟ್ರೋಲ್.

ಹಂತ 3: ಕರೆಂಟ್ ಬಿಲ್ಲಿನ ಲೆಕ್ಕ

ಒಂದು ಲೀಟರ್ ನೀರಲ್ಲಿ ಸುಮಾರು 112 ಗ್ರಾಂ ಹೈಡ್ರೋಜನ್ ಇದೆ. ಅದನ್ನು ಬಿಡಿಸಿ ತೆಗೆಯಲು, ಏನೂ ಪೋಲಾಗದಿದ್ದರೂ, 4.4 ಯೂನಿಟ್ ಶಕ್ತಿ ಬೇಕೇ ಬೇಕು. ಯೂನಿಟ್ ಅಂದರೆ ನಮ್ಮ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಕಾರ್ಖಾನೆಗಳಲ್ಲಿರುವ ಒಳ್ಳೆ ಯಂತ್ರಗಳೂ ಇಷ್ಟು ಹೈಡ್ರೋಜನ್ ತೆಗೆಯಲು 5.5ರಿಂದ 6 ಯೂನಿಟ್ ತಿನ್ನುತ್ತವೆ. ಈಗ ಆ 112 ಗ್ರಾಮನ್ನು ಇಂಜಿನ್‌ನಲ್ಲಿ ಉರಿಸಿ. 3.7 ಯೂನಿಟ್‌ನಷ್ಟು ಶಾಖ ಬರುತ್ತೆ. ಕಾರಿನ ಇಂಜಿನ್ ಅದರಲ್ಲಿ ಸುಮಾರು ಕಾಲು ಭಾಗವನ್ನು ಮಾತ್ರ ಚಕ್ರಕ್ಕೆ ಕೊಡುತ್ತೆ, ಮಿಕ್ಕಿದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಪಾಲು. ಉಳಿದದ್ದು 0.9 ಯೂನಿಟ್. ಅದರಿಂದ ಆಲ್ಟರ್ನೇಟರ್ ತಿರುಗಿಸಿ ಮತ್ತೆ ಕರೆಂಟ್ ಮಾಡಿದರೆ ಕೈಗೆ ಬರುವುದು ಅರ್ಧ ಯೂನಿಟ್ ಚಿಲ್ಲರೆ.

ಆರು ಯೂನಿಟ್ ಕೊಟ್ಟು ಅರ್ಧ ಯೂನಿಟ್ ವಾಪಸ್ ತಗೊಂಡಂತಾಯಿತು. ಕಾರು ಇನ್ನೂ ಮನೆ ಗೇಟು ದಾಟಿಲ್ಲ.

ಓವರ್‌ಹೆಡ್ ಟ್ಯಾಂಕಿನಿಂದ ಬೀಳುವ ನೀರಿನಲ್ಲಿ ಚಕ್ರ ತಿರುಗಿಸಿ, ಅದರಿಂದ ಬಂದ ಕರೆಂಟಿನಲ್ಲಿ ಸಂಪಿನ ಮೋಟರ್ ಓಡಿಸಿ, ಅದೇ ನೀರನ್ನು ಮತ್ತೆ ಮೇಲಕ್ಕೇರಿಸಿ, ಮಿಕ್ಕ ಕರೆಂಟಲ್ಲಿ ಫ್ರಿಜ್ಜೂ ನಡೆಸ್ತೀನಿ ಅಂತ ಪಕ್ಕದ ಮನೆಯವರು ಹೇಳಿದರೆ ನಾವು ನಗ್ತೀವಿ. ನೀರಿನ ಕಾರು ಅಂದರೂ ಇದೇ, ಬಾನೆಟ್ ಮುಚ್ಚಿರುವುದರಿಂದ ಕಾಣಲ್ಲ ಅಷ್ಟೇ.

"ನಮ್ಮದು ಸ್ಪೆಷಲ್ ಕ್ಯಾಟಲಿಸ್ಟ್ ಸಾರ್, ಸ್ಪೆಷಲ್ ಫ್ರೀಕ್ವೆನ್ಸಿ" ಅಂತ ಹೇಳಿಯೇ ಹೇಳ್ತಾರೆ. ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆ ಸಲೀಸಾಗಿ ನಡೆಯುವಂತೆ ಮಾಡುವ ವಸ್ತು, ಅನ್ನುವುದು ಸುಳ್ಳಲ್ಲ, ಪೋಲಾಗುವುದನ್ನು ಅದು ಕಮ್ಮಿ ಮಾಡುತ್ತೆ. ಶಿರಾಡಿ ಘಾಟಿಯ ರಸ್ತೆ ನುಣುಪಾದರೆ ಲಾರಿ ಆರಾಮಾಗಿ ಹತ್ತುತ್ತೆ, ಆದರೆ ಗುಂಡ್ಯದಿಂದ ಸಕಲೇಶಪುರದ ಎತ್ತರ ಮೊದಲು ಎಷ್ಟಿತ್ತೋ ಅಷ್ಟೇ ಇರುತ್ತೆ. ಆ 4.4 ಯೂನಿಟ್ಟೂ ಹಾಗೇ, ಯಾವ ಕ್ಯಾಟಲಿಸ್ಟ್ ಹಾಕಿದರೂ ಕೆಳಗಿಳಿಯಲ್ಲ.

ಹಂತ 4: ಹಾಗಾದರೆ ಮೈಲೇಜ್ ಕಿಟ್?

ಭಾವ ಇಲ್ಲೇ ಪಟ್ಟು ಹಿಡಿದರು. "ಪೆಟ್ರೋಲ್ ಬದಲಿಗಲ್ಲ ಕಣೋ, ಜೊತೆಗೆ." ಸರಿ, ಅದರ ಲೆಕ್ಕವನ್ನೂ ಮಾಡೋಣ.

12 ವೋಲ್ಟ್ ಬ್ಯಾಟರಿಯಿಂದ ಕಿಟ್ 20 ಆಂಪಿಯರ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. 240 ವ್ಯಾಟ್ ಆಯಿತು. ಡಬ್ಬಿಯಲ್ಲಿ ಸಾಲಾಗಿ ಆರು ಸೆಲ್ (ನಮ್ಮ ಎರಡು ಪೆನ್ಸಿಲ್ಲಿನಂಥ ಜೋಡಿಗಳು) ಇದ್ದರೆ ಅದರಿಂದ ನಿಮಿಷಕ್ಕೆ ಸುಮಾರು ಒಂದೂಕಾಲು ಲೀಟರ್ ಗ್ಯಾಸ್ ಬರಬಹುದು. ಸಾವಿರ ಸಿಸಿ ಇಂಜಿನ್ 2,500 ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ, ನಿಮಿಷಕ್ಕೆ 1,250 ಲೀಟರ್ ಹತ್ತಿರ ಗಾಳಿ ಎಳೆದುಕೊಳ್ಳುತ್ತೆ. ಸಾವಿರಕ್ಕೆ ಒಂದು ಪಾಲು!

ಶಕ್ತಿಯ ಲೆಕ್ಕ ಇನ್ನೂ ಬೇಜಾರು. ಲೀಟರಿಗೆ 20 ಕಿ.ಮೀ. ಕೊಡುವ ಕಾರು ಗಂಟೆಗೆ 60ರಲ್ಲಿ ಹೋಗ್ತಿದ್ದರೆ ಗಂಟೆಗೆ 3 ಲೀಟರ್ ಪೆಟ್ರೋಲ್ ಸುಡುತ್ತೆ, ಅಂದರೆ ಸುಮಾರು 27 ಯೂನಿಟ್. ಅದೇ ಒಂದು ಗಂಟೆಯಲ್ಲಿ ಕಿಟ್ ಕೊಡುವ ಹೈಡ್ರೋಜನ್‌ನಲ್ಲಿರುವುದು 0.15 ಯೂನಿಟ್. ಅಷ್ಟನ್ನು ತಯಾರಿಸಲು ಬೇಕಾದ ಕರೆಂಟಿಗಾಗಿ ಇಂಜಿನ್ ಜಾಸ್ತಿ ಸುಡಬೇಕಾದ ಪೆಟ್ರೋಲ್ ಒಂದೂವರೆ ಯೂನಿಟ್‌ನಷ್ಟು. ಹತ್ತು ರೂಪಾಯಿ ಕೊಟ್ಟು ಒಂದು ರೂಪಾಯಿ ಬಿಡಿಸಿಕೊಂಡ ಹಾಗೆ.

"ಅದು ಇಂಧನ ಅಲ್ಲ ಸಾರ್, ಪೆಟ್ರೋಲ್ ಪೂರ್ತಿ ಉರಿಯೋಕೆ ಸಹಾಯ ಮಾಡುತ್ತೆ" ಅನ್ನುವವರೂ ಇದ್ದಾರೆ. ಈಗಿನ ಇಂಜಿನ್‌ಗಳಲ್ಲಿ ಹಾಕಿದ ಪೆಟ್ರೋಲ್‌ನಲ್ಲಿ ನೂರಕ್ಕೆ 97ಕ್ಕಿಂತ ಜಾಸ್ತಿ ಆಗಲೇ ಉರಿದಿರುತ್ತೆ. ಮಿಕ್ಕ ಎರಡು ಮೂರರಿಂದ ಮೈಲೇಜ್ ಒಂದೂವರೆ ಪಟ್ಟು ಆಗುವುದು ಹೇಗೆ?

ಆದರೂ ಹಾಕಿಸಿಕೊಂಡ ಕೆಲವರು ಮೈಲೇಜ್ ಬಂತು ಅಂತಾರೆ, ಅವರೆಲ್ಲ ಸುಳ್ಳು ಹೇಳ್ತಿಲ್ಲ. ಫಿಟ್ ಮಾಡುವಾಗ ಏರ್ ಫಿಲ್ಟರ್ ಕ್ಲೀನ್ ಮಾಡಿರ್ತಾರೆ, ಟೈರಿಗೆ ಗಾಳಿ ಹಿಡಿಸಿರ್ತಾರೆ. ಹದಿನಾಲ್ಕು ಸಾವಿರ ಕೊಟ್ಟ ಮನುಷ್ಯ ಮರುದಿನದಿಂದ ಬ್ರೇಕೂ ಮೆತ್ತಗೆ ಒತ್ತುತ್ತಾನೆ. ಕೆಲವು ಕಿಟ್‌ಗಳ ಜೊತೆ ಇನ್ನೊಂದು ಸಣ್ಣ ಸರ್ಕ್ಯೂಟ್ ಬರುತ್ತೆ, ಅದು ಹೊಗೆಯಲ್ಲಿರುವ ಆಮ್ಲಜನಕ ಅಳೆಯುವ ಸೆನ್ಸರ್ ವಿಷಯದಲ್ಲಿ ಇಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳಿ ಪೆಟ್ರೋಲ್ ಕಮ್ಮಿ ಮಾಡಿಸುತ್ತೆ. ಇಂಜಿನ್ ಬಿಸಿಯಾಗುತ್ತೆ, ಹೊಗೆಯಲ್ಲಿ ವಿಷ ಜಾಸ್ತಿಯಾಗುತ್ತೆ, ಹೆಸರು ಮಾತ್ರ ನೀರಿಗೆ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಆ ಡಬ್ಬಿಯೊಳಗೆ ಬರೀ ನೀರಿರಲ್ಲ. ಎಷ್ಟೋ ಕಿಟ್‌ಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿರ್ತಾರೆ, ಮೈಗೆ ಬಿದ್ದರೆ ಚರ್ಮ ಸುಡುತ್ತೆ. ನೀರಿನ ಮೇಲೆ ನಿಂತಿರುವುದು ಹೈಡ್ರೋಜನ್ ಮತ್ತು ಆಮ್ಲಜನಕ, ಸ್ಫೋಟಕ್ಕೆ ಹೇಳಿ ಮಾಡಿಸಿದ ಪ್ರಮಾಣದಲ್ಲಿ. ಇಂಜಿನ್ನಿನ ಕಿಡಿ ಆ ಪೈಪಿನಲ್ಲಿ ಹಿಂದೆ ಬಂದರೆ ಡಬ್ಬಿ ಪಟಾಕಿ.

ಹಂತ 5: ಎರಡನೇ ಸಾಮಾನು ಎಲ್ಲಿ ಅಂತ ಹುಡುಕಿ

ನೀರಿನ ಕಾರು ಕಣ್ಣೆದುರಿಗೇ ಓಡಿತು ಅಂದರೆ ನೀರಿನ ಜೊತೆ ಇನ್ನೇನೋ ಇದೆ ಅಂತ ಅರ್ಥ. ಮಧ್ಯಪ್ರದೇಶದ ಮೆಕ್ಯಾನಿಕ್ ಒಬ್ಬರು ನೀರು ಮತ್ತು ಕಾರ್ಬೈಡ್‌ನಿಂದ ಕಾರು ಓಡಿಸಿದ್ದು ಕೆಲವು ವರ್ಷಗಳ ಹಿಂದೆ ಸುದ್ದಿಯಾಗಿತ್ತು. ಕಾರ್ಬೈಡ್ ಗೊತ್ತಲ್ಲ, ಮಾವಿನಹಣ್ಣು ಮಾಗಿಸೋಕೆ ಕದ್ದು ಇಡ್ತಾರಲ್ಲ, ಅದೇ. ಅದಕ್ಕೆ ನೀರು ಬಿದ್ದರೆ ಅಸಿಟಿಲೀನ್ ಗ್ಯಾಸ್ ಬರುತ್ತೆ, ವೆಲ್ಡಿಂಗ್ ಅಂಗಡಿಯ ಗ್ಯಾಸು. ಅವರು ಕಾರ್ಬೈಡ್ ಹಾಕಿದ್ದನ್ನು ಮುಚ್ಚಿಡಲಿಲ್ಲ, ಪತ್ರಿಕೆಗಳ ಹೆಡ್ಡಿಂಗು ಮಾತ್ರ "ನೀರಿನ ಕಾರು" ಅಂತ ಬಂತು. ಕಾರ್ಬೈಡ್ ಮಾಡಲು ಸುಣ್ಣ ಮತ್ತು ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಗಾಲ) ಸೇರಿಸಿ ವಿದ್ಯುತ್ ಕುಲುಮೆಯಲ್ಲಿ 2,000 ಡಿಗ್ರಿ ಹತ್ತಿರ ಕಾಯಿಸಬೇಕು. ಕಾರಿನ ಶಕ್ತಿ ಬಂದದ್ದು ಆ ಕೋಕ್‌ನಿಂದ ಮತ್ತು ಕುಲುಮೆಯಿಂದ.

ನನಗೆ ತುಂಬ ಇಷ್ಟವಾದ ಕತೆ ಜಪಾನಿನದು. 2008ರ ಜೂನ್‌ನಲ್ಲಿ ಒಸಾಕಾದಲ್ಲಿ ಜೆನೆಪ್ಯಾಕ್ಸ್ ಅನ್ನುವ ಕಂಪನಿ ಒಂದು ಲೀಟರ್ ನೀರಿಗೆ, ಗಂಟೆಗೆ 80 ಕಿ.ಮೀ. ವೇಗದಲ್ಲಿ, ಒಂದು ಗಂಟೆ ಓಡುವ ಕಾರು ಅಂತ ತೋರಿಸಿತು. ರಾಯ್ಟರ್ಸ್ ವಿಡಿಯೊ ಜಗತ್ತೆಲ್ಲ ಸುತ್ತಿತು. ಆ ಪುಟ್ಟ ಕಾರು ಯಾವುದು ಗೊತ್ತಾ? ನಮ್ಮ ರೇವಾ! ಬೆಂಗಳೂರಿನಲ್ಲಿ ತಯಾರಾದ, ಬ್ಯಾಟರಿಯಲ್ಲಿ ಓಡುವ ರೇವಾ. ಕಂಪನಿ ಅದರಲ್ಲಿ ಕೂರಿಸಿದ ಸಾಧನದ ಶಕ್ತಿ 300 ವ್ಯಾಟ್, ಅಡುಗೆಮನೆ ಮಿಕ್ಸಿಗಿಂತ ಕಮ್ಮಿ. ಮೊದಲೇ ಬ್ಯಾಟರಿಯಲ್ಲಿ ಓಡುವ ಕಾರಿಗೆ ನೀರಿನ ಬಾಟಲಿ ಇಟ್ಟರೂ ಓಡುತ್ತೆ, ಎಳನೀರು ಇಟ್ಟರೂ ಓಡುತ್ತೆ ಅಲ್ವಾ? ಮರುವರ್ಷ ದುಡ್ಡಿಲ್ಲ ಅಂತ ಹೇಳಿ ಜೆನೆಪ್ಯಾಕ್ಸ್ ಬಾಗಿಲು ಹಾಕಿತು.

ಹಂತ 6: "ಅವನನ್ನು ಕೊಂದುಬಿಟ್ಟರು" ಅಂದಾಗ ತಾರೀಖು ನೋಡಿ

ಲೆಕ್ಕದಲ್ಲಿ ಸೋತ ಮೇಲೆ ಭಾವ ಎತ್ತಿದ ಹೆಸರು ಸ್ಟ್ಯಾನ್ಲಿ ಮೇಯರ್. ಅಮೆರಿಕದ ಒಹಾಯೊದವರು. 22 ಗ್ಯಾಲನ್, ಅಂದರೆ 83 ಲೀಟರ್ ನೀರಿನಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಹೋಗಬಹುದು ಅಂದಿದ್ದರು. 1998ರಲ್ಲಿ ಒಂದು ರೆಸ್ಟೊರೆಂಟಿನಲ್ಲಿ ಕುಸಿದು ತೀರಿಕೊಂಡರು. ಪೆಟ್ರೋಲ್ ಕಂಪನಿಗಳು ವಿಷ ಹಾಕಿದವು ಅಂತ ಅವತ್ತಿನಿಂದ ಇವತ್ತಿನ ತನಕ ಮಾತು. ಮೆದುಳಿನ ರಕ್ತನಾಳ ಉಬ್ಬಿ ಒಡೆದಿತ್ತು ಅಂತ ಮರಣೋತ್ತರ ತನಿಖೆ ಹೇಳಿತು. ಅದನ್ನು ನಂಬದವರು ಸಾವಿಗಿಂತ ಎರಡು ವರ್ಷ ಹಿಂದೆ ಹೋಗಿ ನೋಡಲಿ. 1996ರಲ್ಲಿ ಇಬ್ಬರು ಹೂಡಿಕೆದಾರರು ಇದೇ ಮೇಯರ್ ಮೇಲೆ ಕೇಸು ಹಾಕಿದ್ದರು. ಅವರ ಯಂತ್ರವನ್ನು ತಜ್ಞರು ನೋಡಿದರು, ಹೊಸದೇನೂ ಇಲ್ಲ, ನಾವು ಪೆನ್ಸಿಲ್ಲಿನಲ್ಲಿ ಮಾಡಿದ ಕೆಲಸವೇ ಅಂದರು. ಕೋರ್ಟು ಇದು ಘೋರ ವಂಚನೆ ಅಂತ ಹೇಳಿ 25,000 ಡಾಲರ್ ವಾಪಸ್ ಕೊಡಿಸಿತು.

"ಪೇಟೆಂಟ್ ಇದೆಯಲ್ಲೋ?" ಇತ್ತು ಭಾವ, ಆದರೆ ಪೇಟೆಂಟ್ ಸಿಕ್ಕಿದ ಮಾತ್ರಕ್ಕೆ ಯಂತ್ರ ಹೇಳಿದಷ್ಟು ಕೆಲಸ ಮಾಡುತ್ತೆ ಅಂತಲ್ಲ. ಅವುಗಳ ಅವಧಿಯೂ ಯಾವತ್ತೋ ಮುಗಿದಿದೆ. ಈಗ ಯಾರು ಬೇಕಾದರೂ ಪುಕ್ಕಟೆ ಮಾಡಿ ಮಾರಬಹುದು. ಪೀಣ್ಯದಲ್ಲಿ ಒಂದು ಶೆಡ್ ಹಿಡಿದರೂ ಸಾಕು.

ನಮ್ಮ ಪಕ್ಕದ ತಮಿಳುನಾಡಿನಲ್ಲಿ 1996ರಲ್ಲಿ ರಾಮರ್ ಪಿಳ್ಳೈ ಗಿಡಮೂಲಿಕೆ ಹಾಕಿ ನೀರನ್ನು ಪೆಟ್ರೋಲ್ ಮಾಡ್ತೀನಿ ಅಂದಾಗ ದೇಶವೇ ಬೆರಗಾಗಿತ್ತು. ಆಮೇಲೆ ಮಾರಿದ್ದರಲ್ಲಿ ಪೆಟ್ರೋಲಿಯಂ ದ್ರವಗಳಾದ ಟೊಲ್ಯೂನ್, ನಾಫ್ತಾ ಸಿಕ್ಕಿತು. 2016ರಲ್ಲಿ ಚೆನ್ನೈನ ಕೋರ್ಟು ಮೂರು ವರ್ಷ ಜೈಲು ಶಿಕ್ಷೆ ಕೊಟ್ಟಿತು.

ಹಂತ 7: ಮಾರುವವರಿಗೆ ಒಂದು ಪರೀಕ್ಷೆ ಕೊಡಿ

ವಾದ ಬೇಡ. ಟ್ಯಾಂಕ್ ಫುಲ್ ಮಾಡಿಸಿ, ಕಿಟ್ ಆಫ್ ಇಟ್ಟು 100 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಫುಲ್ ಮಾಡಿಸಿ, ಎಷ್ಟು ಲೀಟರ್ ಹಿಡಿಯಿತು ಬರೆದಿಟ್ಟುಕೊಳ್ಳಿ. ಆಮೇಲೆ ಕಿಟ್ ಆನ್ ಮಾಡಿ ಅದೇ ರಸ್ತೆ, ಅದೇ ಡ್ರೈವರ್, ಟೈರಿಗೆ ಅಷ್ಟೇ ಗಾಳಿ. ಎರಡೆರಡು ಸಲ ಮಾಡಿ. ಆನೋ ಆಫೋ ಅಂತ ಡ್ರೈವರಿಗೆ ಗೊತ್ತಾಗದಂತೆ ಮಾಡಿದರೆ ಇನ್ನೂ ಒಳ್ಳೆಯದು. ಮೈಲೇಜ್ ಬಂದರೆ ಮಾತ್ರ ದುಡ್ಡು ಅನ್ನಿ. ಸಿಎನ್‌ಜಿ ಕಿಟ್ ಹಾಕಿಸಿದರೆ ಆರ್‌ಸಿಯಲ್ಲಿ ಬರೆಸಬೇಕು, ಇದನ್ನೂ ಆರ್‌ಟಿಒದಲ್ಲಿ ಬರೆಸಿಕೊಡ್ತೀರಾ ಅಂತಲೂ ಕೇಳಿ.

ಭಾವ ನನ್ನೆದುರಿಗೇ ಸ್ಪೀಕರ್ ಹಾಕಿ ಕೇಳಿದರು. ಆ ಕಡೆಯವನು ಮೊದಲು ಐನೂರು ಇಳಿಸಿದ. ಆಮೇಲೆ, ಕಿಟ್ ಇಂಜಿನ್ನಿಗೆ ಹೊಂದಿಕೊಳ್ಳೋಕೆ ಮೂರು ತಿಂಗಳು ಬೇಕು ಸಾರ್, ಅಲ್ಲಿವರೆಗೆ ಮೈಲೇಜ್ ನೋಡಲೇಬಾರದು ಅಂದ. ಹಾಗಾದರೆ ದುಡ್ಡೂ ಮೂರು ತಿಂಗಳಾದ ಮೇಲೆ ಕೊಡ್ತೀನಿ ಅಂದರು ಭಾವ. ಫೋನ್ ಕಟ್ಟಾಯಿತು.

ಆ ಭಾನುವಾರ ಕಾರಿಗೆ ನಾಲ್ಕು ಹೊಸ ಟೈರು ಬಂದವು. ಬಿಲ್ಲಿನ ಫೋಟೊ ವಾಟ್ಸ್ಆ್ಯಪ್‌ಗೆ ಕಳಿಸಿದ್ದರು. ಕೆಳಗೇ ಇನ್ನೊಂದು ವಿಡಿಯೊ, ಈ ಸಲ ಆಯಸ್ಕಾಂತದಿಂದ ತಿರುಗುವ ಫ್ಯಾನು.