ಆರ್ ಮಾದರಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾದರಿ ಕಟ್ಟುವಾಗ ಎರರ್ ಬಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ವಾರ್ನಿಂಗ್ ಬಂದರೆ ಉತ್ತರವೂ ಜೊತೆಗೆ ಬರುತ್ತದೆ. ಹೆಚ್ಚು ಭಯಪಡಬೇಕಾದದ್ದು ಈ ಎರಡನೆಯದಕ್ಕೆ.

ಸೂತ್ರ ತಿದ್ದುವ ಮೊದಲು ದತ್ತಾಂಶ ನೋಡಿ. ಸ್ಟ್ರ್() ಎಂಬ ಆದೇಶ ಕೊಟ್ಟರೆ ಪ್ರತಿ ಕಾಲಮ್ ಯಾವ ಬಗೆಯದು ಎಂದು ಗೊತ್ತಾಗುತ್ತದೆ. ಸಂಖ್ಯೆಗಳ ನಡುವೆ ಒಂದೇ ಒಂದು ಅಡ್ಡಗೆರೆ ನುಸುಳಿದ್ದರೂ ಇಡೀ ಕಾಲಮ್ ಪಠ್ಯವಾಗಿಬಿಡುತ್ತದೆ. ಆಗ ಸರಳರೇಖೆಯ ಮಾದರಿ ಕಟ್ಟುವ ಎಲ್‌ಎಂ() ಒಂದೊಂದು ಬೆಲೆಯನ್ನೂ ಬೇರೆ ವರ್ಗವೆಂದು ಎಣಿಸಿ ಉದ್ದುದ್ದ ಗುಣಾಂಕಗಳ ಪಟ್ಟಿ ಕೊಡುತ್ತದೆ. ಕಾಲಮ್ ಫ್ಯಾಕ್ಟರ್ (ಬೆಲೆಗಳನ್ನು ವರ್ಗಗಳಾಗಿ ಇಟ್ಟುಕೊಳ್ಳುವ ಬಗೆ) ಆಗಿದ್ದರೆ ನೇರವಾಗಿ ಸಂಖ್ಯೆಗೆ ಬದಲಾಯಿಸಬೇಡಿ. 10, 20, 30 ಇದ್ದದ್ದು 1, 2, 3 ಆಗುತ್ತದೆ. ಮೊದಲು ಪಠ್ಯ ಮಾಡಿ, ಆಮೇಲೆ ಸಂಖ್ಯೆ ಮಾಡಿ.

ನಂತರ ಸಾಲು ಎಣಿಸಿ. ಎನ್‌ಎ (ಬೆಲೆ ಇಲ್ಲದ ಖಾಲಿ ಜಾಗ) ಇರುವ ಸಾಲುಗಳನ್ನು ಆರ್ ತಾನಾಗಿಯೇ ಬಿಟ್ಟುಬಿಡುತ್ತದೆ. ಎಷ್ಟು ಉಳಿದವೆಂದು ಎನ್‌ಒಬಿಎಸ್() ಹೇಳುತ್ತದೆ. ಗುಣಾಂಕದ ಜಾಗದಲ್ಲೇ ಎನ್‌ಎ ಕಂಡರೆ ಸಮಸ್ಯೆ ಬೇರೆ: ಸಾಮಾನ್ಯವಾಗಿ ಒಂದು ಕಾಲಮ್ಮನ್ನು ಉಳಿದವುಗಳಿಂದಲೇ ಪೂರ್ತಿ ಲೆಕ್ಕ ಹಾಕಬಹುದಾಗಿರುತ್ತದೆ, ಉದಾಹರಣೆಗೆ ಬಿಡಿ ಅಂಕಗಳ ಜೊತೆ ಅವುಗಳ ಒಟ್ಟು ಮೊತ್ತವನ್ನೂ ಸೇರಿಸಿರುತ್ತೀರಿ. ಯಾವುದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಆಲಿಯಸ್() ತೋರಿಸುತ್ತದೆ. ಒಂದನ್ನು ತೆಗೆಯಿರಿ.

ಉತ್ತರ 'ಹೌದು' ಅಥವಾ 'ಇಲ್ಲ' ಆಗಿರುವಾಗ ಬಳಸುವ ಲಾಜಿಸ್ಟಿಕ್ ಮಾದರಿಯಲ್ಲಿ, ಅಂದಾಜಿಸಿದ ಸಂಭವನೀಯತೆ 0 ಅಥವಾ 1 ಆಗಿದೆ ಎಂಬ ವಾರ್ನಿಂಗ್ ಬಂದರೆ ಅಲ್ಲೇ ನಿಲ್ಲಿ. ಹೆಚ್ಚಾಗಿ, ಯಾವುದೋ ಒಂದು ಚರಾಂಶ (ಮಾದರಿಗೆ ಕೊಟ್ಟ ಕಾಲಮ್) 'ಹೌದು'ಗಳನ್ನೂ 'ಇಲ್ಲ'ಗಳನ್ನೂ ಪೂರ್ತಿ ಬೇರ್ಪಡಿಸಿರುತ್ತದೆ. ಅದರ ಗುಣಾಂಕ ಅನಂತದತ್ತ ಓಡುತ್ತಿರುತ್ತದೆ, ಆರ್ ನಡುವೆಲ್ಲೋ ನಿಲ್ಲಿಸಿರುತ್ತದೆ. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಗುಣಾಂಕಕ್ಕಿಂತಲೂ ಎಷ್ಟೋ ಪಟ್ಟು ದೊಡ್ಡದಾಗಿ, ಪಿ-ಬೆಲೆ 1ರ ಹತ್ತಿರ ಹೋಗುತ್ತದೆ, ಅಂದರೆ ಆ ಚರಾಂಶಕ್ಕೆ ಪರಿಣಾಮವೇ ಇಲ್ಲವೆಂಬಂತೆ ಕಾಣುತ್ತದೆ. ಇದನ್ನು ನೋಡಿ ಆ ಚರಾಂಶವನ್ನು ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಇಡೀ ದತ್ತಾಂಶದಲ್ಲಿ ಹೆಚ್ಚು ಹೇಳುವುದು ಅದೇ ಇರಬಹುದು. ಆರ್ ಲೆಕ್ಕವನ್ನು ಎಷ್ಟು ಸಲ ಪುನರಾವರ್ತಿಸಬೇಕೆಂಬ ಮಿತಿಯನ್ನು ಮೊದಲೇ ಇರುವ 25ರಿಂದ ಏರಿಸಿದರೂ ಪ್ರಯೋಜನವಿಲ್ಲ. ಚರಾಂಶಕ್ಕೂ ಉತ್ತರಕ್ಕೂ ಟೇಬಲ್() ಹಾಕಿ, ಯಾವ ಕೋಶ ಸೊನ್ನೆ ಎಂದು ಹುಡುಕಿ. ಅರ್ಥಕ್ಕೆ ಧಕ್ಕೆಯಾಗದಿದ್ದರೆ ಚಿಕ್ಕ ವರ್ಗಗಳನ್ನು ಕೂಡಿಸಿ. ಇಲ್ಲವಾದರೆ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಫರ್ತ್ 1993ರಲ್ಲಿ ಕೊಟ್ಟ ತಿದ್ದುಪಡಿ ವಿಧಾನ ಬಳಸಿ. ಲಾಜಿಸ್ಟ್‌ಎಫ್ ಪ್ಯಾಕೇಜಿನಲ್ಲಿ ಅದು ಸಿದ್ಧವಾಗಿದೆ.

ಗುಂಪುಗಳಿರುವ ದತ್ತಾಂಶಕ್ಕೆ ಮಾದರಿ ಕಟ್ಟುವ ಎಲ್‌ಎಂಇ4 ಪ್ಯಾಕೇಜಿನಲ್ಲಿ ಮಾದರಿ ಒಮ್ಮುಖವಾಗಲಿಲ್ಲ (ಲೆಕ್ಕ ಒಂದು ಉತ್ತರದಲ್ಲಿ ನೆಲೆಗೊಳ್ಳಲಿಲ್ಲ) ಎಂದರೆ ಚರಾಂಶಗಳನ್ನು ಸ್ಕೇಲ್() ಮಾಡಿ, ಅಂದರೆ ಒಂದೇ ಅಳತೆಗೆ ತಂದು ನೋಡಿ. ಆಮೇಲೂ ಹಟ ಹಿಡಿದರೆ ಆಲ್‌ಫಿಟ್() ಓಡಿಸಿ. ಬೇರೆ ಬೇರೆ ಆಪ್ಟಿಮೈಸರ್‌ಗಳು (ಉತ್ತರ ಹುಡುಕುವ ವಿಧಾನಗಳು) ಹತ್ತಿರಹತ್ತಿರದ ಉತ್ತರ ಕೊಟ್ಟರೆ ಧೈರ್ಯವಾಗಿ ಮುಂದುವರಿಯಬಹುದು.

ಮಾದರಿಯಿಂದ ಮುನ್ನಂದಾಜು ಮಾಡುವ ಪ್ರೆಡಿಕ್ಟ್() ಹೊಸ ದತ್ತಾಂಶ ಬಿಟ್ಟು ಹಳೆಯದಕ್ಕೇ ಉತ್ತರ ಕೊಡುತ್ತಿದ್ದರೆ ಸೂತ್ರದಲ್ಲಿ ದತ್ತಾಂಶದ ಹೆಸರನ್ನು ಕಾಲಮ್ಮಿಗೆ ಜೋಡಿಸುವ ಡಾಲರ್ ಚಿಹ್ನೆ ($) ಇದೆಯೇ ನೋಡಿ. ಅದನ್ನೂ ಅದರ ಮುಂಚಿನ ದತ್ತಾಂಶದ ಹೆಸರನ್ನೂ ತೆಗೆದು, ಬರೀ ಕಾಲಮ್ ಹೆಸರು ಬರೆದು, ದತ್ತಾಂಶವನ್ನು ಡೇಟಾ ಆರ್ಗ್ಯುಮೆಂಟಿನಲ್ಲಿ ಕೊಡಿ.